ಹಾವು ಕಚ್ಚಿದರೆ: ಮನೆಯಿಂದ ಆಸ್ಪತ್ರೆಯವರೆಗೆ ಮಾಡಬೇಕಾದದ್ದು

ದೇಶದಲ್ಲಿ 2000ದಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58 ಸಾವಿರ ಮಂದಿ ಹಾವು ಕಡಿತದಿಂದ ಸತ್ತಿದ್ದಾರೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿದೆ. ಹೆಚ್ಚಿನವರು ಹಳ್ಳಿಯವರು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮಳೆ ಹಿಡಿದ ಮೇಲೆ ದರಗಿನ ರಾಶಿಗೆ, ಹುಲ್ಲಿನ ಗೊಣಬೆಗೆ ಕೈ ಹಾಕುವ ಎಲ್ಲರಿಗೂ ಈ ಲೆಕ್ಕ ಸಂಬಂಧಿಸಿದ್ದು.

ಮೊದಲ ಕೆಲಸ ಹಾವು ಕಚ್ಚುವ ಮುಂಚಿನದು. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಈ ವಾರವೇ ಹೋಗಿ ಎರಡು ಮಾತು ಕೇಳಿಕೊಳ್ಳಿ: ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್ ದಾಸ್ತಾನಿದೆಯೇ, ರಾತ್ರಿ ವೈದ್ಯರು ಇರುತ್ತಾರೆಯೇ? ಇಲ್ಲವೆಂದರೆ ನೇರವಾಗಿ ತಾಲ್ಲೂಕು ಆಸ್ಪತ್ರೆಗೆ ಹೋಗುವುದೆಂದು ಮನೆಯಲ್ಲಿ ತೀರ್ಮಾನವಾಗಿರಲಿ. ವೆಂಟಿಲೇಟರ್, ಡಯಾಲಿಸಿಸ್ ಬೇಕಾಗುವಷ್ಟು ವಿಷವೇರಿದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕಳಿಸುತ್ತಾರೆ. 108ಕ್ಕೆ ಕರೆ ಮಾಡಲು ಮನೆಯ ಯಾವ ಮೂಲೆಯಲ್ಲಿ ನೆಟ್‌ವರ್ಕ್ ಸಿಗುತ್ತದೆ ಎಂಬುದು ಮಕ್ಕಳಿಗೂ ಗೊತ್ತಿರಬೇಕು.

ಕಚ್ಚಿದ ಕೂಡಲೇ ಹಾವಿನಿಂದ ದೂರ ಸರಿಯಿರಿ, ಗಡಿಯಾರ ನೋಡಿ. ಉಂಗುರ, ಬಳೆ, ಕಾಲುಗೆಜ್ಜೆ ತೆಗೆಯಿರಿ. ಬಾವು ಬಂದ ಮೇಲೆ ಅವು ಕಳಚುವುದಿಲ್ಲ. ಕಚ್ಚಿಸಿಕೊಂಡವರನ್ನು ನಡೆಸಬೇಡಿ. ಕಾಲಿಗೆ ಕಚ್ಚಿದ್ದರೆ ಪಕ್ಕದಲ್ಲಿ ಅಡಿಕೆ ದಬ್ಬೆ ಇಟ್ಟು ಟವೆಲಿನಿಂದ ಅಲುಗಾಡದಂತೆ ಕಟ್ಟಿ. ರಕ್ತ ಓಡಾಡುವಷ್ಟು ಸಡಿಲವಿರಲಿ. ಹಗ್ಗ ಬಿಗಿದರೆ ವಿಷ ನಿಲ್ಲುವುದಿಲ್ಲ, ಕಾಲು ಮಾತ್ರ ಕೆಡುತ್ತದೆ. ಕೊಯ್ಯುವುದು, ಬಾಯಲ್ಲಿ ಹೀರುವುದು, ಸೊಪ್ಪು ಅರೆದು ಹಚ್ಚುವುದು ಯಾವುದೂ ಬೇಡ. ವಿಷ ಇಳಿಸುವವರ ಮೇಲೆ ಊರಿಗಿರುವ ಗೌರವ ನನಗೆ ಅರ್ಥವಾಗುತ್ತದೆ, ಆದರೆ ಅಲ್ಲಿ ಕಳೆದ ಒಂದು ಗಂಟೆಯನ್ನು ಯಾವ ವೈದ್ಯರೂ ವಾಪಸ್ ಕೊಡಲಾರರು. ಜೀಪು ಬರಲಾಗದ ದಾರಿಯಾದರೆ ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಹೊರಡಿ.

ಹಾವನ್ನು ಕೊಂದು ಒಯ್ಯುವ ಅಗತ್ಯವಿಲ್ಲ. ದಾರಿಯಲ್ಲಿ ರೋಗಿಯನ್ನು ಗಮನಿಸಿದರೆ ಅದಕ್ಕಿಂತ ಹೆಚ್ಚು ಪ್ರಯೋಜನ. ರೆಪ್ಪೆ ಜೋತುಬಿದ್ದದ್ದು ಯಾವಾಗ, ಮಾತು ತೊದಲಿದ್ದು ಯಾವಾಗ, ಒಸಡಲ್ಲಿ ರಕ್ತ ಕಂಡಿತೇ ಎಂಬುದನ್ನು ವೈದ್ಯರಿಗೆ ಹೇಳಿ. ಕಟ್ಟುಹಾವಿನ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ನೆಲದ ಮೇಲೆ ಮಲಗಿದವರನ್ನು ಅದು ರಾತ್ರಿ ಕಚ್ಚುತ್ತದೆ; ನೋವು, ಗಾಯ ಕಾಣದೆಯೂ ಇರಬಹುದು. ಬೆಳಗಿನ ಜಾವ ವಿಪರೀತ ಹೊಟ್ಟೆನೋವಿನ ಜತೆ ರೆಪ್ಪೆ ಎತ್ತಲಾಗದಿದ್ದರೆ ಗ್ಯಾಸ್ ಎಂದುಕೊಂಡು ಕೂರಬೇಡಿ.

ಆಸ್ಪತ್ರೆಯಲ್ಲಿ ಒಣಗಿದ, ಸ್ವಚ್ಛವಾದ ಗಾಜಿನ ನಳಿಕೆಗೆ ಸುಮಾರು 2 ಮಿ.ಲೀ. ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಡುತ್ತಾರೆ. ಆಮೇಲೆ ಒಮ್ಮೆ ವಾಲಿಸುತ್ತಾರೆ. ಹೆಪ್ಪುಗಟ್ಟದೆ ನೀರಿನಂತೆ ಹರಿದರೆ ಕೊಳಕುಮಂಡಲದಂಥ ಹಾವಿನ ವಿಷ ರಕ್ತಕ್ಕಿಳಿದಿದೆ ಎಂದರ್ಥ. ಆ 20 ನಿಮಿಷ ‘ಏನೂ ಮಾಡುತ್ತಿಲ್ಲ’ ಎಂದು ಸಿಬ್ಬಂದಿಯ ಮೇಲೆ ರೇಗಬೇಡಿ. ಮೊದಲ ಸಲ ಹೆಪ್ಪುಗಟ್ಟಿದರೂ ಪರೀಕ್ಷೆ ಮತ್ತೆ ಮತ್ತೆ ಆಗಬೇಕು, ಹಾಗಾಗಿ 24 ಗಂಟೆ ಮನೆಗೆ ಹೊರಡುವ ಮಾತೆತ್ತಬೇಡಿ. ವಿಷದ ಲಕ್ಷಣವಿದ್ದರೆ ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್ ಔಷಧಿ ಸಾಮಾನ್ಯವಾಗಿ 10 ಪುಟ್ಟ ಬಾಟಲಿಯಿಂದ ಶುರು. ಮಗುವಿಗೂ ಅಷ್ಟೇ, ಏಕೆಂದರೆ ಕಚ್ಚಿದ್ದು ಮಗುವನ್ನೆಂದು ಹಾವು ವಿಷ ಕಡಿಮೆ ಬಿಡುವುದಿಲ್ಲ.

ಈ ಔಷಧಿ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕೆ ತಯಾರಾದದ್ದು. ನಮ್ಮ ತೋಟಗಳಲ್ಲಿರುವ, ಮೂತಿ ಮೇಲಕ್ಕೆ ಉಬ್ಬಿದ ಪುಟ್ಟ ಗುಳಿಮಂಡಲ ಆ ಪಟ್ಟಿಯಲ್ಲಿಲ್ಲ. ಅದರ ಕಡಿತದಿಂದಲೂ ಮೂತ್ರಪಿಂಡ ಕೆಡಬಹುದು. ಆಗುಂಬೆಯ ಕಾಳಿಂಗವೂ ಪಟ್ಟಿಯ ಹೊರಗೇ. ಒಂದೇ ಜಾತಿಯ ಹಾವಿನ ವಿಷವೂ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತದೆ ಎಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ. ಮಲೆನಾಡಿಗೆ ಹೊಂದುವ ಔಷಧಿಯನ್ನು ನಾವು ಗಟ್ಟಿಯಾಗಿ ಕೇಳಲೇಬೇಕು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಯಾಗಿ ಘೋಷಿಸಿದ್ದರಿಂದ ಖಾಸಗಿ ಆಸ್ಪತ್ರೆಗಳೂ ಪ್ರಕರಣಗಳನ್ನು ವರದಿ ಮಾಡಬೇಕು. ಆ ಲೆಕ್ಕ ಸರಿಯಿದ್ದರೆ ನಮ್ಮ ಬೇಡಿಕೆಗೆ ಬಲ ಬರುತ್ತದೆ.

ಮನೆಗೆ ಬಂದ ಮೇಲೆ ಮೂತ್ರದ ಪ್ರಮಾಣ, ಬಣ್ಣ ನೋಡುತ್ತಿರಿ. ಒಂದೆರಡು ವಾರದೊಳಗೆ ಜ್ವರ, ಕೀಲುನೋವು, ಮೈಮೇಲೆ ದದ್ದು ಕಂಡರೆ ಅದು ಇಂಜೆಕ್ಷನ್‌ನ ಪರಿಣಾಮವಿರಬಹುದು. ಬಿಡುಗಡೆ ಚೀಟಿ ಹಿಡಿದು ಅದೇ ಆಸ್ಪತ್ರೆಗೆ ಹೋದರೆ ಮಾತ್ರೆ ಕೊಡುತ್ತಾರೆ.