ಕಿಡೆಪೊ: ಉಗಾಂಡಾದ ತುತ್ತತುದಿಯ ಹುಲ್ಲುಗಾವಲಿನಲ್ಲಿ ನಾವು ಕಂಡದ್ದು

ಕಂಪಾಲಾದಲ್ಲಿರುವ ನಮ್ಮವರಿಗೆ ಸಫಾರಿ ಅಂದರೆ ಮರ್ಚಿಸನ್ ಫಾಲ್ಸ್ ರಾಷ್ಟ್ರೀಯ ಉದ್ಯಾನ. ಬೆಳಿಗ್ಗೆ ಹೊರಟರೆ ಮಧ್ಯಾಹ್ನಕ್ಕೆಲ್ಲ ಅಲ್ಲಿರಬಹುದು. ನೈಲ್ ನದಿಯಲ್ಲಿ ದೋಣಿ, ದಂಡೆಯಲ್ಲಿ ನೀರುಕುದುರೆ, ಸಂಜೆಗೆ ಆನೆ. ಊರಿಂದ ಬಂದ ನೆಂಟರನ್ನೆಲ್ಲ ನಾನೂ ಅಲ್ಲಿಗೇ ಕರೆದುಕೊಂಡು ಹೋಗುತ್ತೇನೆ. ನಾನು, ನನ್ನ ಹೆಂಡತಿ ಕಿಡೆಪೊಗೆ ಹೊರಟಿದ್ದೇವೆ ಅಂದಾಗ ಆಫೀಸಿನಲ್ಲಿ ಎಲ್ಲರೂ ಕೇಳಿದ್ದು ಒಂದೇ ಮಾತು: "ಅಷ್ಟು ದೂರ ಯಾಕೆ? ಅದೇ ಎಮ್ಮೆ, ಅದೇ ಆನೆ ಅಲ್ವಾ?"

ಪೂರ್ತಿ ಅದೇ ಅಲ್ಲ. ಉಷ್ಟ್ರಪಕ್ಷಿ, ಚೀತಾ, ಜೀಬ್ರಾ ಮರ್ಚಿಸನ್‌ನಲ್ಲಿಲ್ಲ, ಕಿಡೆಪೊದಲ್ಲಿವೆ. ಆದರೆ ನಾನು ಹೋದದ್ದು ಹೊಸ ಪ್ರಾಣಿ ಹುಡುಕಿಕೊಂಡಲ್ಲ. ಕಬಿನಿಯಲ್ಲಿ, ಬಂಡೀಪುರದಲ್ಲಿ ಸಫಾರಿ ಮಾಡಿದವರಿಗೆ ಗೊತ್ತು: ಒಂದು ಜೀಪಿಗೆ ಹುಲಿ ಸಿಕ್ಕರೆ ಹತ್ತು ಜೀಪು ಅಲ್ಲಿಗೇ ಓಡುತ್ತವೆ. ಐದು ನಿಮಿಷ ನೋಡುವಷ್ಟರಲ್ಲಿ ಹಿಂದಿನವರು ಜಾಗ ಕೇಳುತ್ತಾರೆ. ಒಂದೇ ಹಿಂಡನ್ನು ಗಂಟೆಗಟ್ಟಲೆ, ಯಾರ ಗದ್ದಲವೂ ಇಲ್ಲದೆ ನೋಡಬೇಕು ಅನ್ನುವುದು ನನ್ನ ಬಹಳ ದಿನದ ಆಸೆ. ಕಿಡೆಪೊದಲ್ಲಿ ಅದು ಸಿಗುತ್ತದೆ, ಏಕೆಂದರೆ ಅಲ್ಲಿಗೆ ಹೋಗುವವರೇ ಕಮ್ಮಿ.

ಕಿಡೆಪೊ ವ್ಯಾಲಿ ರಾಷ್ಟ್ರೀಯ ಉದ್ಯಾನ ಇರುವುದು ಉಗಾಂಡಾದ ಈಶಾನ್ಯ ಮೂಲೆಯಲ್ಲಿ, ಕರಮೋಜಾ ಪ್ರದೇಶದಲ್ಲಿ. ಉತ್ತರಕ್ಕೆ ದಕ್ಷಿಣ ಸುಡಾನ್ ಗಡಿ, ಪೂರ್ವಕ್ಕೆ ಸ್ವಲ್ಪವೇ ದೂರದಲ್ಲಿ ಕೆನ್ಯಾ. ವಿಸ್ತೀರ್ಣ 1,442 ಚದರ ಕಿ.ಮೀ. ಇದು ರಾಷ್ಟ್ರೀಯ ಉದ್ಯಾನ ಆದದ್ದು 1962ರಲ್ಲಿ, ಉಗಾಂಡಾಗೆ ಸ್ವಾತಂತ್ರ್ಯ ಬಂದ ವರ್ಷವೇ. ಜನ ಕಡಿಮೆ ಬರುವುದಕ್ಕೆ ದೂರ ಒಂದೇ ಕಾರಣವಲ್ಲ. 1979ರಲ್ಲಿ ಸರ್ವಾಧಿಕಾರಿ ಇದಿ ಅಮೀನ್ ಅಧಿಕಾರದಿಂದ ಬಿದ್ದಾಗ ಮೊರೊಟೊ ಊರಿನ ಸೈನ್ಯದ ಶಸ್ತ್ರಾಗಾರ ಲೂಟಿಯಾಯಿತು. ಅಲ್ಲಿಯವರೆಗೆ ಈಟಿ ಹಿಡಿದು ದನ ಕಾಯುತ್ತಿದ್ದವರ ಕೈಗೆ ಬಂದೂಕು ಬಂತು. ದನಗಳ ದರೋಡೆ ರಕ್ತಪಾತವಾಯಿತು, ಪ್ರಾಣಿಗಳ ಬೇಟೆಯೂ ಜಾಸ್ತಿಯಾಯಿತು. ಪಶ್ಚಿಮದ ದಾರಿಯಲ್ಲಿ, ಅಂದರೆ ಗುಲು, ಕಿಟ್ಗುಮ್ ಕಡೆಯಲ್ಲಿ, 2006ರ ತನಕ ಬಂಡುಕೋರರ ಯುದ್ಧ. ಹೀಗೆ ಮೊರೊಟೊ ಕಡೆಯದು, ಗುಲು ಕಡೆಯದು, ಎರಡು ದಾರಿಯೂ ವರ್ಷಾನುಗಟ್ಟಲೆ ಮುಚ್ಚಿದ ಹಾಗೇ ಇದ್ದವು. ಸರ್ಕಾರ ಆಮೇಲೆ ಬಂದೂಕು ವಾಪಸ್ ತೆಗೆದುಕೊಂಡಿತು. ಈಗ ಪರಿಸ್ಥಿತಿ ಬೇರೆ, ಆದರೂ ದನಗಳ ಜಗಳ ಆಗಾಗ ಮೇಲೆ ಬರುತ್ತದೆ. ಹೊರಡುವ ಮೊದಲು ಉಗಾಂಡಾ ವೈಲ್ಡ್‌ಲೈಫ್ ಅಥಾರಿಟಿಯ ಕಂಪಾಲಾ ಕಚೇರಿಗೆ ಫೋನ್ ಮಾಡಿ ಯಾವ ದಾರಿ ಸರಿ ಎಂದು ಕೇಳಿಕೊಂಡೆ. ನೀವೂ ಕೇಳಿ, ಇದನ್ನು ಬಿಡಬೇಡಿ.

ಯಾವಾಗ ಹೋಗಬೇಕು ಅನ್ನುವುದನ್ನು ನೀರು ತೀರ್ಮಾನಿಸುತ್ತದೆ. ಉದ್ಯಾನದಲ್ಲಿ ಎರಡು ಕಣಿವೆಗಳಿವೆ. ನೈಋತ್ಯಕ್ಕೆ ನಾರುಸ್, ಈಶಾನ್ಯಕ್ಕೆ ಕಿಡೆಪೊ. ನಾರುಸ್‌ನಲ್ಲಿ ವರ್ಷಕ್ಕೆ ಸುಮಾರು 890 ಮಿ.ಮೀ. ಮಳೆ, ಕಿಡೆಪೊ ಕಣಿವೆಯಲ್ಲಿ 635. ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಬೇಸಿಗೆಯಲ್ಲಿ ಕಿಡೆಪೊ ನದಿ ಪೂರ್ತಿ ಮರಳಾಗುತ್ತದೆ. ಆಗ ನೀರು ಉಳಿಯುವುದು ನಾರುಸ್‌ನ ಜೌಗು, ಹೊಂಡಗಳಲ್ಲಿ ಮಾತ್ರ. ಪ್ರಾಣಿಗಳೆಲ್ಲ ಅಲ್ಲಿಗೇ ಸೇರುತ್ತವೆ. ಮಳೆಗಾಲದಲ್ಲಿ ಹುಲ್ಲು ಆಳೆತ್ತರ ಬೆಳೆಯುತ್ತದೆ, ಸಿಂಹ ಹತ್ತು ಮಾರು ದೂರದಲ್ಲಿ ಮಲಗಿದ್ದರೂ ಕಾಣುವುದಿಲ್ಲ. ಹಸಿರು ಫೋಟೋ ಬೇಕಿದ್ದವರು ಆಗ ಹೋಗಲಿ. ನಾವು ಆರಿಸಿಕೊಂಡದ್ದು ಜನವರಿ.

ಕಂಪಾಲಾದಿಂದ ಗುಲು, ಕಿಟ್ಗುಮ್ ಮೇಲೆ ಹೋದರೆ 600 ಕಿ.ಮೀ. ಹತ್ತಿರ. ಒಂದೇ ದಿನದಲ್ಲಿ ಹೊಡೆದುಬಿಡುವವರಿದ್ದಾರೆ. ನನಗೆ ಅದು ಹಿಡಿಸಲ್ಲ. ಮೊದಲ ದಿನ ನಕಸೊಂಗೊಲಾ ಹತ್ತಿರದ ಝೀವಾದಲ್ಲಿ ಘೇಂಡಾಮೃಗ ನೋಡಿಕೊಂಡು ಗುಲುವಿನಲ್ಲಿ ಉಳಿದೆವು. ಝೀವಾ ನೋಡಿ ಹೋಗುವುದಕ್ಕೆ ಅರ್ಥವಿದೆ. 1980ರ ದಶಕದ ಮೊದಲ ಭಾಗದಲ್ಲೇ ಉಗಾಂಡಾದ ಕಾಡುಗಳಲ್ಲಿ ಘೇಂಡಾಮೃಗ ಒಂದೂ ಉಳಿಯಲಿಲ್ಲ, ಕಿಡೆಪೊದ್ದೂ ಸೇರಿ. 2005ರಿಂದ ಬೇರೆ ಕಡೆಯಿಂದ ಬಿಳಿ ಘೇಂಡಾಮೃಗಗಳನ್ನು ತಂದು ಝೀವಾದಲ್ಲಿ ಸಾಕಿ ಬೆಳೆಸಿದ್ದಾರೆ. ಬೇಟೆ ಏನು ಮಾಡುತ್ತದೆ ಎಂದು ಅಲ್ಲಿ ಕಣ್ಣಿಗೆ ಕಾಣುತ್ತದೆ.

ಕಿಟ್ಗುಮ್‌ನಲ್ಲಿ ಡೀಸೆಲ್ ಟ್ಯಾಂಕ್ ತುಂಬಿಸಿ, ಒಂದು ಜೆರಿಕ್ಯಾನ್‌ನಲ್ಲೂ ಹಿಡಿದುಕೊಂಡೆವು. ಅಲ್ಲಿಂದ ಮುಂದೆ ಬಂಕ್ ನಂಬಿಕೊಂಡು ಹೋಗಬಾರದು. ಬಾಡಿಗೆಗೆ ತೆಗೆದುಕೊಂಡದ್ದು ಹಳೆಯ ಪ್ರಾಡೊ, ಫೋರ್ ವೀಲ್ ಡ್ರೈವ್. ಸ್ಟೆಪ್ನಿ ಎರಡು ಬೇಕು ಎಂದು ಹಠ ಹಿಡಿದಿದ್ದೆ. ಕೆಂಪು ಮಣ್ಣಿನ ರಸ್ತೆಯಲ್ಲಿ ಚೂಪು ಕಲ್ಲು ಜಾಸ್ತಿ, ಒಂದು ಸ್ಟೆಪ್ನಿ ಒರೊಮ್ ದಾಟುವ ಮೊದಲೇ ಕೆಲಸಕ್ಕೆ ಬಂತು. ಕುಡಿಯುವ ನೀರು, ಅಕ್ಕಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಚಿಕ್ಕ ಗ್ಯಾಸ್ ಒಲೆ ಜೊತೆಗಿತ್ತು. ಉದ್ಯಾನದೊಳಗೆ ಅಪೋಕಾದಲ್ಲಿ ಇಲಾಖೆಯ ಸಾದಾ ಗುಡಿಸಲುಗಳಿವೆ, 'ಬಾಂಡಾ' ಅನ್ನುತ್ತಾರೆ. ಕ್ಯಾಂಟೀನಿನಲ್ಲಿ ಹೇಳಿದರೆ ಪೋಶೊ, ಬೀನ್ಸ್ ಮಾಡಿಕೊಡುತ್ತಾರೆ. ಪೋಶೊ ಅಂದರೆ ಮೆಕ್ಕೆಜೋಳದ ಹಿಟ್ಟಿನ ಬಿಳಿ ಮುದ್ದೆ. ಮುದ್ದೆ ತಿಂದು ಬೆಳೆದವರಿಗೆ ಏನೂ ಕಷ್ಟವಿಲ್ಲ, ಆದರೆ ಖಾರ ಇರುವುದಿಲ್ಲ. ಚಟ್ನಿಪುಡಿಗೆ ಕೆಲಸ ಸಿಕ್ಕಿದ್ದು ಅಲ್ಲೇ. ಅಪೋಕಾದಲ್ಲೇ ದುಬಾರಿ ಲಾಡ್ಜ್ ಒಂದೂ ಇದೆ, ಎಂಟೆಬೆಯಿಂದ ಚಿಕ್ಕ ವಿಮಾನದಲ್ಲಿ ಬರುವವರು ಅಲ್ಲಿ ಇಳಿಯುತ್ತಾರೆ. ದುಡ್ಡಿದ್ದರೂ ನಾನು ಬಾಂಡಾವನ್ನೇ ಹೇಳುತ್ತೇನೆ. ಬಾಗಿಲ ಮುಂದೆಯೇ ವಾಟರ್‌ಬಕ್ ಜಿಂಕೆ, ಕಾಡುಹಂದಿ ಮೇಯುತ್ತಿರುತ್ತವೆ. ಕತ್ತಲಾದ ಮೇಲೆ ಟಾರ್ಚ್ ಇಲ್ಲದೆ ಸ್ನಾನದ ಮನೆಗೂ ಹೋಗಬಾರದು, ಬೇಲಿ ಇಲ್ಲ.

ಇನ್ನು ನಾರುಸ್‌ನ ಬೆಳಗುಗಳು. ನಮ್ಮ ರೇಂಜರ್ ಕರಮೋಜಾದವರೇ, ನಲವತ್ತರ ಆಸುಪಾಸು, ಹೆಗಲಿಗೆ ರೈಫಲ್. ಮೊದಲ ದಿನ ಗಾಡಿ ಹತ್ತುತ್ತಲೇ ಕೇಳಿದರು, "ಬಾಸ್, ನಿಮಗೆ ಏನು ನೋಡಬೇಕು?" "ನೀವು ರಜೆಯಲ್ಲಿ ಸುಮ್ನೆ ಬಂದರೆ ಎಲ್ಲಿ ಕೂರುತ್ತೀರೋ ಅಲ್ಲಿಗೆ ಕರೆದುಕೊಂಡು ಹೋಗಿ" ಅಂದೆ. ಅವರು ನಕ್ಕರು. ಆಮೇಲೆ ಒಂದು ಬಂಡೆಗುಡ್ಡದ ಪಕ್ಕಕ್ಕೆ ಗಾಡಿ ತಿರುಗಿಸಲು ಹೇಳಿ, ಇಂಜಿನ್ ಆಫ್ ಮಾಡಿಸಿದರು. ಕೆಳಗೆ ಪೂರ್ತಿ ಕಣಿವೆ. ಎಲ್ಲೆಲ್ಲೂ ಒಣಗಿದ ಹುಲ್ಲು, ನಡುವೆ ಮರಸೌತೆ ಮರಗಳು. ಕಬ್ಬನ್ ಪಾರ್ಕಿನಲ್ಲಿ ಸೋರೆಕಾಯಿಯಂಥ ಉದ್ದ ಕಾಯಿ ನೇತುಬಿಟ್ಟಿರುತ್ತದಲ್ಲ, ಅದೇ ಮರ. ಅದರ ತವರು ಆಫ್ರಿಕಾ. ದೂರಕ್ಕೆ ಮೊರುಂಗೊಲೆ ಬೆಟ್ಟ, 2,750 ಮೀಟರ್.

ಕೂತು ನೋಡುವುದಕ್ಕೂ ಒಂದು ಕ್ರಮವಿದೆ, ಅವರಿಂದ ಕಲಿತೆ. ಮೊದಲು ಬೈನಾಕ್ಯುಲರ್ ಎತ್ತಬಾರದು. ಬರಿಗಣ್ಣಿನಲ್ಲಿ ಎಡದಿಂದ ಬಲಕ್ಕೆ ನಿಧಾನವಾಗಿ ಕಣ್ಣು ಓಡಿಸಬೇಕು. ಕಪ್ಪಾಗಿ, ಅಡ್ಡವಾಗಿ ಕಾಣುವುದು ಎಮ್ಮೆ. ಉದ್ದಕ್ಕೆ ನಿಂತ ಕಂಬ ಅಲುಗಿದರೆ ಜಿರಾಫೆ. ಹುತ್ತದ ಮೇಲೆ ಏನಾದರೂ ನಿಂತಿದ್ದರೆ ಅದು ಹಾರ್ಟ್‌ಬೀಸ್ಟ್, ಉದ್ದ ಮುಖದ ಕೆಂಚು ಜಿಂಕೆ. ಕಾವಲಿಗೆ ಎತ್ತರ ಹುಡುಕುವುದು ಅದರ ಅಭ್ಯಾಸ. ಆ ಹಾರ್ಟ್‌ಬೀಸ್ಟ್ ಯಾವ ಕಡೆ ನೋಡುತ್ತಿದೆ ಎನ್ನುವುದನ್ನು ಗಮನಿಸಬೇಕು. ಅದು ಹೊತ್ತು ಕಳೆದರೂ ಒಂದೇ ಕಡೆ ದಿಟ್ಟಿಸುತ್ತಿದ್ದರೆ ಆಗ ಬೈನಾಕ್ಯುಲರ್ ಎತ್ತಿ. ಹೀಗೇ ನಮಗೆ ಸಿಂಹ ಸಿಕ್ಕಿದ್ದು. ಎರಡು ಹೆಣ್ಣು ಸಿಂಹಗಳು ಬಂಡೆಯ ಮೇಲೆ ಬಿಸಿಲು ಕಾಯಿಸುತ್ತಿದ್ದವು, ಬಂಡೆಯ ಬಣ್ಣ, ಮೈಬಣ್ಣ ಒಂದೇ. ಕಿಡೆಪೊದ ಸಿಂಹಗಳಿಗೆ ಬಂಡೆ ಬಹಳ ಇಷ್ಟ. ಎತ್ತರದಿಂದ ಇಡೀ ಕಣಿವೆ ಕಾಣುತ್ತದೆ, ಗಾಳಿಯೂ ಬರುತ್ತದೆ.

ಎಮ್ಮೆಗಳ ವಿಷಯಕ್ಕೆ ಬರುತ್ತೇನೆ. ಕಿಡೆಪೊದ ಕಾಡೆಮ್ಮೆಗಳ ಹಿಂಡು ಒಮ್ಮೊಮ್ಮೆ ಸಾವಿರ ದಾಟುತ್ತದೆ. ಅಂಥ ಹಿಂಡೊಂದು ನೀರಿಗೆ ಇಳಿದದ್ದನ್ನು ಬಿಸಿಲೇರುವ ತನಕ ನೋಡಿದೆವು. ಮೊದಲು ಬರುವುದು ಧೂಳು. ಆಮೇಲೆ ಎಮ್ಮೆ ಕಾಣುವ ಮೊದಲೇ ಬೆಳ್ಳಕ್ಕಿಗಳು. ಮುಂದಿನ ಸಾಲು ನೀರಿನ ಅಂಚಿಗೆ ಬಂದು ನಿಂತುಬಿಡುತ್ತದೆ, ಹಿಂದಿನವು ತಳ್ಳುತ್ತವೆ, ಆದರೂ ಮುಂದಿನವು ಇಳಿಯುವುದಿಲ್ಲ. ಒಂದು ಮುದಿ ಹೆಣ್ಣು ಮೂಗೆತ್ತಿ ಗಾಳಿ ಹಿಡಿದು, ಹೆಜ್ಜೆ ಇಟ್ಟ ಮೇಲೆಯೇ ಉಳಿದವು ನುಗ್ಗಿದ್ದು. ಕರುಗಳೆಲ್ಲ ನಡುವೆ. ಅಂಚಿನಲ್ಲಿ ಕೊಂಬು ಸವೆದ ಗಂಡುಗಳು. ಹಿಂಡು ನೀರು ಬಿಟ್ಟು ಮೇಲೆ ಬರುವಾಗ ಬಂಡೆಯ ಸಿಂಹಿಣಿಯರಲ್ಲಿ ಒಬ್ಬಳು ಎದ್ದು ಕೂತಳು. ಗಂಡುಗಳು ಸಾಲಾಗಿ ಆ ಕಡೆ ತಿರುಗಿದವು. ಅಷ್ಟೇ. ಅವಳು ಮತ್ತೆ ಮಲಗಿದಳು. ನನ್ನ ಹೆಂಡತಿ ಇದನ್ನು ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ, ಅತ್ತೆ, "ಹಾಗಾದರೆ ಏನೂ ಆಗಲೇ ಇಲ್ವಾ?" ಎಂದರಂತೆ. ಬೇಟೆ ಮಾತ್ರ 'ಆಗುವುದು' ಅಂದುಕೊಂಡರೆ ಕಿಡೆಪೊ ಬೇಜಾರಾಗಬಹುದು. ನನಗಂತೂ ಆ ಮುದಿ ಎಮ್ಮೆ ಹೆಜ್ಜೆ ಇಡುವುದಕ್ಕೆ ತೆಗೆದುಕೊಂಡ ಹೊತ್ತೇ ಇಡೀ ಪ್ರಯಾಣದಲ್ಲಿ ಚೆನ್ನಾಗಿದ್ದದ್ದು.

ಜಿರಾಫೆಗಳನ್ನು ನೋಡುವಾಗ ರೇಂಜರ್ ಹಳೆಯ ಕಥೆ ಹೇಳಿದರು. ಬಂದೂಕಿನ ಕಾಲದಲ್ಲಿ ಬೇಟೆಯಾಗಿ, 1990ರ ದಶಕದ ಹೊತ್ತಿಗೆ ಇಲ್ಲಿ ಜಿರಾಫೆ ಬೆರಳೆಣಿಕೆಯಷ್ಟೇ ಉಳಿದಿದ್ದವು. ಕೆನ್ಯಾದಿಂದ ಕೆಲವನ್ನು ತಂದರು. 2018ರಲ್ಲಿ ಮರ್ಚಿಸನ್ ಫಾಲ್ಸ್‌ನಿಂದ ಲಾರಿಯಲ್ಲಿ ಇನ್ನಷ್ಟು ಬಂದವು. ನಾನು ವಾರಾಂತ್ಯದಲ್ಲಿ ನೋಡುತ್ತಿದ್ದ ಜಿರಾಫೆಗಳ ಬಳಗವೇ ಇಲ್ಲೂ ಇದೆ ಅನ್ನಿ.

ಕಿಡೆಪೊ ಕಣಿವೆಗೆ ಒಂದು ಪೂರ್ತಿ ದಿನ ಇಡಿ. ದಾರಿಯಲ್ಲಿ ತ್ಸೆತ್ಸೆ ನೊಣಗಳಿವೆ. ಬಟ್ಟೆಯ ಮೇಲಿಂದಲೇ ಕಚ್ಚುತ್ತವೆ, ಸೂಜಿ ಚುಚ್ಚಿದ ನೋವು. ನೀಲಿ, ಕಪ್ಪು ಬಣ್ಣಕ್ಕೆ ಬರುತ್ತವೆ. ಅವನ್ನು ಹಿಡಿಯುವ ಬೋನುಗಳನ್ನೂ ಅದಕ್ಕೇ ನೀಲಿ, ಕಪ್ಪು ಬಟ್ಟೆಯಲ್ಲಿ ಮಾಡುತ್ತಾರೆ. ಜೀನ್ಸ್ ಬೇಡ, ಮಣ್ಣಿನ ಬಣ್ಣದ ತುಂಬುತೋಳಿನ ಬಟ್ಟೆ ಹಾಕಿಕೊಳ್ಳಿ, ಕಿಟಕಿ ಮುಚ್ಚಿ. ಸೊಳ್ಳೆ ಮುಲಾಮು ಹೆಚ್ಚೇನೂ ಉಪಯೋಗಕ್ಕೆ ಬರಲ್ಲ. ಕಣಿವೆಯ ನೆಲ ಕಪ್ಪು ಜೇಡಿ, ನಮ್ಮ ಎರೆಮಣ್ಣಿನ ಹಾಗೆ. ಒಂದು ಮಳೆ ಬಿದ್ದರೆ ಗಾಡಿ ಹೂತುಕೊಳ್ಳುತ್ತದೆ. ಬೇಸಿಗೆಗೇ ಹೋಗಿ ಎನ್ನಲು ಇದೂ ಒಂದು ಕಾರಣ.

ನದಿ ಅಂದರೆ ಬರೀ ಬಿಳಿ ಮರಳಿನ ಅಗಲವಾದ ಹಾದಿ. ದಂಡೆಯುದ್ದಕ್ಕೂ ತಾಳೆ ಮರಗಳು, ನಮ್ಮ ತಾಟಿನಿಂಗಿನ ಮರದ ದಾಯಾದಿ. ಹಣ್ಣು ಆನೆಗೆ ಪ್ರೀತಿ. ಲದ್ದಿಯಲ್ಲಿ ಬಿದ್ದ ಬೀಜದಿಂದ ಹೊಸ ಮರ ಏಳುತ್ತದೆ. ರೇಂಜರ್ ಜೊತೆಗಿದ್ದರೆ ಮರಳಲ್ಲಿ ನಡೆಯಲು ಬಿಡುತ್ತಾರೆ. ಮುಂದೆ ಗಡಿಯ ಕಡೆ ಕನಂಗೊರೊಕ್ ಎಂಬ ಬಿಸಿನೀರಿನ ಚಿಲುಮೆ. ಚಿಲುಮೆಯೇ ನೋಡಲು ಅಂಥದ್ದೇನಲ್ಲ. ಅಲ್ಲಿಗೆ ಹೋಗುವ ದಾರಿಯಲ್ಲಿ ಉಷ್ಟ್ರಪಕ್ಷಿ ಸಿಗುತ್ತದೆ, ಆ ಕಡೆ ದಕ್ಷಿಣ ಸುಡಾನ್‌ನ ಬೆಟ್ಟಗಳು ಕಾಣುತ್ತವೆ. ಚೀತಾ ನಮಗೆ ಕಾಣಲಿಲ್ಲ.

ಹಕ್ಕಿ ನೋಡುವವರು ಇಲ್ಲಿಗೆ ಬೇರೆಯೇ ಲೆಕ್ಕ ಹಾಕಿಕೊಂಡು ಬರುತ್ತಾರೆ, 470ಕ್ಕೂ ಹೆಚ್ಚು ಜಾತಿಗಳಿವೆ. ನನಗೆ ಮುಖ್ಯವಾಗಿ ಬೇಕಿದ್ದದ್ದು ಕೋರಿ ಬಸ್ಟರ್ಡ್. ಇದು ನಮ್ಮ ಎರ್ಲಡ್ಡು ಹಕ್ಕಿಯ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್‌ನ ಹತ್ತಿರದ ಸಂಬಂಧಿ, ಎರಡೂ ಒಂದೇ ಕುಲ. ಬಳ್ಳಾರಿಯ ಸಿರುಗುಪ್ಪದ ಹೊಲಗಳಲ್ಲಿ ಎರ್ಲಡ್ಡು ಹುಡುಕಿ ಬರಿಗೈಯಲ್ಲಿ ವಾಪಸಾದವನು ನಾನು. ಅಲ್ಲಿ ಉಳಿದಿರುವುದೇ ನಾಲ್ಕಾರು. ಇಲ್ಲಿ ಅದರ ದಾಯಾದಿ ಸುಟ್ಟ ಹುಲ್ಲಿನ ಮೇಲೆ ಸಾಹೇಬರ ಗತ್ತಿನಲ್ಲಿ ಓಡಾಡುತ್ತಿತ್ತು. ಹುಲ್ಲು ಸುಡುವುದು ಇಲಾಖೆಯವರೇ. ಹೊಸ ಚಿಗುರು ಬರಲಿ, ದೊಡ್ಡ ಬೆಂಕಿ ತಪ್ಪಲಿ ಎಂದು ಬೇಸಿಗೆಯ ಮೊದಲಿಗೇ ತುಂಡು ತುಂಡಾಗಿ ಸುಡುತ್ತಾರೆ.

ಒಂದು ಮಧ್ಯಾಹ್ನ ಉದ್ಯಾನದ ಹೊರಗೆ ಕರಮೋಜಾ ಜನರ ಹಟ್ಟಿಯೊಂದಕ್ಕೆ ಹೋದೆವು, ಮುಳ್ಳುಬೇಲಿಯ ಒಳಗೆ ಮನೆ, ಅದರ ನಡುವೆ ದನದ ದೊಡ್ಡಿ. ಜನ ಪ್ರೀತಿಯಿಂದ ಮಾತಾಡಿದರು, ಕುಣಿತವೂ ಆಯಿತು. ಪ್ರವಾಸಿಗೆಂದು ಮಾಡುವ ಕುಣಿತ ನೋಡುವಾಗ ನನಗೆ ಸ್ವಲ್ಪ ಇರಿಸುಮುರಿಸು. ಮೊರುಂಗೊಲೆ ಬೆಟ್ಟದ ಮೇಲೆ ಇಕ್ ಎಂಬ ಸಣ್ಣ ಸಮುದಾಯ ಇದೆ. ಕಿಡೆಪೊ ಕಣಿವೆ ಅವರ ಬೇಟೆಯ ಜಾಗವಾಗಿತ್ತು, ಉದ್ಯಾನ ಮಾಡುವಾಗ ಅವರನ್ನು ಹೊರಹಾಕಿದರು. ನಾಗರಹೊಳೆಯ ಜೇನುಕುರುಬರ ಕಥೆ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಖರ್ಚಿನ ವಿಷಯ ಚುಟುಕಾಗಿ. ಪ್ರವೇಶದ ಚೀಟಿ 24 ಗಂಟೆಗೆ. ವಿದೇಶಿಯರಿಗೆ ಡಾಲರ್ ಲೆಕ್ಕ, ಉಗಾಂಡಾದಲ್ಲೇ ವಾಸವಿರುವ ವಿದೇಶಿಯರಿಗೆ ಸ್ವಲ್ಪ ಕಡಿಮೆ. ವರ್ಕ್ ಪರ್ಮಿಟ್ ತೋರಿಸಬೇಕು, ಮರೆಯದೆ ಇಟ್ಟುಕೊಳ್ಳಿ. ದರ ಆಗಾಗ ಬದಲಾಗುತ್ತದೆ, ಇಲಾಖೆಯ ಪಟ್ಟಿ ನೋಡಿಕೊಳ್ಳಿ. ರೇಂಜರ್‌ಗೆ ಬೇರೆ ಶುಲ್ಕ, ಇಲ್ಲಿ ಉಳಿತಾಯ ಮಾಡಬೇಡಿ. ಮಲೇರಿಯಾ ಮಾತ್ರೆ ಡಾಕ್ಟರನ್ನು ಕೇಳಿ ಶುರು ಮಾಡಿಕೊಳ್ಳಿ.

ಬೆಂಗಳೂರಿನಿಂದ ನೇರ ಬರುವವರು ಯೆಲ್ಲೋ ಫೀವರ್ ಲಸಿಕೆಯನ್ನು ಹೊರಡುವುದಕ್ಕೆ ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಳ್ಳಬೇಕು. ಸರ್ಕಾರ ಒಪ್ಪಿದ ಕೇಂದ್ರದಲ್ಲೇ ಹಾಕಿಸಿ, ಹಳದಿ ಕಾರ್ಡ್ ಪಡೆಯಿರಿ. ಎಂಟೆಬೆಯಲ್ಲಿ ಇಳಿಯುವಾಗ ಕೇಳುತ್ತಾರೆ. ವಾಪಸ್ ಇಂಡಿಯಾಕ್ಕೆ ಬಂದಾಗಲೂ ಕೇಳುತ್ತಾರೆ, ಇಲ್ಲದಿದ್ದರೆ 6 ದಿನದವರೆಗೆ ಪ್ರತ್ಯೇಕವಾಗಿ ಇಡಬಹುದು. ಕಾರ್ಡನ್ನು ಪಾಸ್‌ಪೋರ್ಟ್ ಜೊತೆಗೇ ಕೈಚೀಲದಲ್ಲಿ ಇಟ್ಟುಕೊಳ್ಳಿ, ಸೂಟ್‌ಕೇಸಿಗೆ ಹಾಕಬೇಡಿ.