ಮಕ್ಕಳ ಉಡುಪಿಗೆ ತೋಳು ಕೂರಿಸುವ ಕ್ರಮ

ಮಗುವಿನ ಫ್ರಾಕನ್ನೋ ಅಂಗಿಯನ್ನೋ ಮನೆಯಲ್ಲೇ ಹೊಲಿಯಲು ಕಲಿಯುತ್ತಿರುವವರು ಕೊರಳಪಟ್ಟಿ, ಗುಂಡಿಮನೆಗಳನ್ನೆಲ್ಲ ನಿಭಾಯಿಸಿ, ತೋಳಿನ ಸರದಿ ಬಂದಾಗ ಹಿಂಜರಿಯುತ್ತಾರೆ. ತೋಳಿನ ಮೇಲಂಚು, ಉಡುಪಿನಲ್ಲಿ ತೋಳು ಕೂರುವ ಜಾಗವಾದ ಆರ್ಮ್‌ಹೋಲ್‌ಗಿಂತ ಉದ್ದವಾಗಿರುವುದನ್ನು ಕಂಡು, ಕತ್ತರಿಸಿದ್ದೇ ತಪ್ಪಾಯಿತೆಂದು ಹೆಚ್ಚಿನ ಬಟ್ಟೆಯನ್ನು ತೆಗೆದುಹಾಕುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹೆಗಲಿನ ಉಬ್ಬನ್ನು ಸುತ್ತಿಕೊಳ್ಳಲು ಆ ಹೆಚ್ಚಳ ಬೇಕು. ಮಕ್ಕಳ ಹತ್ತಿಯ ಉಡುಪಿಗೆ ಅದು ಸುಮಾರು ಅರ್ಧ ಇಂಚು ಇದ್ದರೆ ಸಾಕು. ಪಫ್ ತೋಳಲ್ಲದಿದ್ದರೂ ಒಂದು ಇಂಚು ಮೀರಿದ್ದರೆ ಅಳತೆಯನ್ನು ಮತ್ತೊಮ್ಮೆ ಪರಿಶೀಲಿಸಬೇಕು. ಟೇಪನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, ಹೊಲಿಗೆ ಬೀಳುವ ಗೆರೆಯುದ್ದಕ್ಕೂ ಸಾಗಿಸಿದರೆ ಬಾಗಿನ ಅಳತೆ ಸರಿಯಾಗಿ ಸಿಗುತ್ತದೆ.

ಬಟ್ಟೆಯನ್ನು ಮೊದಲೇ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿಕೊಳ್ಳಿ. ತೋಳಿನ ಮುಂಭಾಗದ ಬಾಗು ಹಿಂಭಾಗದ್ದಕ್ಕಿಂತ ತುಸು ಆಳವಾಗಿರುವುದರಿಂದ, ಎರಡೂ ತೋಳುಗಳನ್ನು ಮಡಿಸಿದ ಬಟ್ಟೆಯ ಮೇಲೆ ಒಟ್ಟಿಗೆ ಕತ್ತರಿಸುವುದು ಕ್ಷೇಮ. ಇಲ್ಲವಾದರೆ ಎರಡೂ ಒಂದೇ ಕೈಯ ತೋಳುಗಳಾಗಿಬಿಡುವ ಅಪಾಯವಿದೆ. ಮುಂಭಾಗಕ್ಕೆ ಒಂದು, ಹಿಂಭಾಗಕ್ಕೆ ಎರಡು, ಹೆಗಲ ಹೊಲಿಗೆಗೆ ಕೂಡುವ ನಡುನೆತ್ತಿಗೆ ಒಂದು ಸಣ್ಣ ಗುರುತು ಹಾಕಿಡಿ.

ಮೊದಲ ಸಲ ಹೊಲಿಯುವವರು ಪಕ್ಕದ ಹೊಲಿಗೆ ಹಾಕುವ ಮೊದಲೇ, ಉಡುಪು ಬಿಚ್ಚಿಕೊಂಡಿರುವಾಗಲೇ ತೋಳು ಜೋಡಿಸಿ, ಆಮೇಲೆ ತೋಳಿನ ತುದಿಯಿಂದ ಸೊಂಟದವರೆಗೆ ಒಂದೇ ಹೊಲಿಗೆ ಹಾಕುವುದು ಸುಲಭ. ಪುಟ್ಟ ಮಕ್ಕಳ ಸಡಿಲ ಅಂಗಿಗೆ ಅಷ್ಟೇ ಸಾಕೆಂಬುದು ನನ್ನ ಅಭಿಪ್ರಾಯ. ಹೆಗಲಿಗೆ ಅಚ್ಚುಕಟ್ಟಾಗಿ ಕೂರಬೇಕಾದ ಉಡುಪಿಗಾದರೆ ತೋಳಿನ ಮತ್ತು ಪಕ್ಕದ ಹೊಲಿಗೆಗಳನ್ನು ಮುಗಿಸಿಕೊಂಡು ಸುತ್ತಲೂ ಕೂರಿಸಬೇಕು.

ಅದಕ್ಕಾಗಿ ಮುಂದಿನ ಗುರುತಿನಿಂದ ಹಿಂದಿನ ಗುರುತಿನವರೆಗೆ, ಮೇಲಿನ ಬಾಗಿನಲ್ಲಿ ಮಾತ್ರ, ಮಷೀನಿನ ಅತಿ ಉದ್ದದ ಹೊಲಿಗೆಯ ಎರಡು ಸಾಲು ಹಾಕಿ, ಬಾಬಿನ್ನಿನ ದಾರವನ್ನು ಮೃದುವಾಗಿ ಎಳೆಯಿರಿ. ಹೆಚ್ಚಿನವರು ಸುಕ್ಕನ್ನೆಲ್ಲ ನೆತ್ತಿಗೇ ತಂದು ನಿಲ್ಲಿಸುತ್ತಾರೆ. ಅಲ್ಲಿ ಬಟ್ಟೆಯ ಅಡ್ಡ ಎಳೆ ನೇರವಾಗಿರುವುದರಿಂದ ಅದು ಕುಗ್ಗಲು ಒಪ್ಪುವುದಿಲ್ಲ, ನೆರಿಗೆಯಾಗಿಯೇ ಉಳಿಯುತ್ತದೆ. ನೆತ್ತಿಯ ಎರಡೂ ಪಕ್ಕದ ಇಳಿಜಾರಿನಲ್ಲಿ ಎಳೆ ಓರೆಯಾಗಿರುವುದರಿಂದ ಹೆಚ್ಚಳವೆಲ್ಲ ಅಲ್ಲಿ ಸದ್ದಿಲ್ಲದೆ ಅಡಗುತ್ತದೆ. ಆದ್ದರಿಂದ ನೆತ್ತಿಯ ಅರ್ಧ ಇಂಚನ್ನೂ ಕಂಕುಳಿನ ಭಾಗವನ್ನೂ ಸಪಾಟಾಗಿಯೇ ಬಿಡಿ. ಒತ್ತಾಗಿ ನೇಯ್ದ ಪಾಪ್ಲಿನ್‌ಗಿಂತ ಮೆತ್ತನೆಯ ಹತ್ತಿ ಬಟ್ಟೆ ಈ ವಿಷಯದಲ್ಲಿ ಹೆಚ್ಚು ಮಾತು ಕೇಳುತ್ತದೆ.

ಉಡುಪನ್ನು ಒಳಮೈ ಹೊರಗಾಗಿಸಿ, ತೋಳನ್ನು ಸರಿಮೈಯಲ್ಲೇ ಇಟ್ಟು ಆರ್ಮ್‌ಹೋಲಿನೊಳಗೆ ಸೇರಿಸಿ. ಮೊದಲು ಹೆಗಲು, ಕಂಕುಳು, ಬಳಿಕ ಗುರುತುಗಳಿಗೆ ಗುಂಡುಸೂಜಿ ಚುಚ್ಚಿ, ಕೈಯಿಂದ ಕಚ್ಚಾ ಹೊಲಿಗೆ ಹಾಕಿ ಮಗುವಿಗೆ ತೊಡಿಸಿ, ಎರಡೂ ಕೈ ಮೇಲೆತ್ತಲು ಹೇಳಿ. ಉಡುಪು ಇಡಿಯಾಗಿ ಮೇಲೆ ಸರಿದರೆ ಕಂಕುಳು ತೀರ ಕೆಳಗಿಳಿದಿದೆ ಅಥವಾ ತೋಳಿನ ಬಾಗು ತೀರ ಎತ್ತರವಾಗಿದೆ ಎಂದು ತಿಳಿಯಬೇಕು. ಸದಾ ಹತ್ತಿ ಹಾರುವ ಮಕ್ಕಳಿಗೆ ತಗ್ಗಿನ ಬಾಗೇ ಹಿತ.

ಮಷೀನಿನಲ್ಲಿ ತೋಳಿನ ಬದಿ ಮೇಲಿರುವಂತೆ ಹಿಡಿದು ಕಂಕುಳಿನಿಂದ ಹೊಲಿಗೆ ಆರಂಭಿಸಿ. ಹೆಚ್ಚು ಎಳೆತ ಬೀಳುವ ಕಂಕುಳಿಗೆ ಮಾತ್ರ ಒಳಗಡೆ ಇನ್ನೊಂದು ಸಾಲು ಹಾಕಿ, ಅಲ್ಲಿನ ಅಂಚನ್ನು ಕಿರಿದಾಗಿ ಕತ್ತರಿಸಿ. ಮೇಲಿನ ಅಂಚನ್ನು ಕತ್ತರಿಸದೆ ತೋಳಿನ ಕಡೆಗೆ ಬಾಗಿಸಿ ಇಸ್ತ್ರಿ ಮಾಡಿ.