ದುಬೈನಲ್ಲಿ ಮಕ್ಕಳ ಫೀಸು, ಮನೆ ಬಾಡಿಗೆ: ನಾನು ಲೆಕ್ಕ ಹಾಕುವ ರೀತಿ

ದುಬೈನಲ್ಲಿ ತಿಂಗಳ ಲೆಕ್ಕ ಸಾಲದು, ವರ್ಷದ್ದು ಬರೆಯಿರಿ. ಸಂಬಳವೇನೋ ತಿಂಗಳಿಗೊಮ್ಮೆ ಬರುತ್ತದೆ. ನಮ್ಮ ವರ್ಷದ ಬಾಡಿಗೆ ಹೋಗುವುದು ನಾಲ್ಕು ಚೆಕ್‌ನಲ್ಲಿ. ಮಕ್ಕಳ ಸಿಬಿಎಸ್‌ಇ ಸ್ಕೂಲು ಏಪ್ರಿಲ್‌ನಲ್ಲಿ ಶುರು. ಚೆಕ್ಕೂ ಫೀಸೂ ಒಂದೇ ತಿಂಗಳು ಬಿದ್ದರೆ ಕಥೆ ಮುಗೀತು! ಅದಕ್ಕೇ ಎರಡನ್ನೂ ಕೂಡಿ ಹನ್ನೆರಡರಿಂದ ಭಾಗಿಸಿ, ಸಂಬಳ ಬಂದ ದಿನವೇ ಅಷ್ಟನ್ನು ಬೇರೆ ಖಾತೆಗೆ ಹಾಕಿಬಿಡುತ್ತೇನೆ. ಆ ಖಾತೆಯ ಕಾರ್ಡ್ ಪರ್ಸಿನಲ್ಲಿ ಇಟ್ಟುಕೊಳ್ಳುವುದಿಲ್ಲ.

ಫೀಸು ಎಷ್ಟೆಂದು ಕೆಎಚ್‌ಡಿಎ (ದುಬೈನ ಖಾಸಗಿ ಸ್ಕೂಲುಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ವೆಬ್‌ಸೈಟಿನಲ್ಲಿ ನೋಡಿ. ಬಸ್, ಯೂನಿಫಾರ್ಮ್ ಎಷ್ಟಾಗುತ್ತದೆಂದು ಸ್ಕೂಲಿನಲ್ಲೇ ಕೇಳಿ. ಕಂಪನಿ ಫೀಸು ಕೊಡುತ್ತದಾ? ಆಫರ್ ಲೆಟರ್‌ಗೆ ಸಹಿ ಹಾಕುವ ಮೊದಲೇ ವಿಚಾರಿಸಿ.

ಕರೆಂಟ್-ನೀರಿನ ಬಿಲ್ಲಿನಲ್ಲಿ ವರ್ಷದ ಬಾಡಿಗೆಯ 5% ಹೌಸಿಂಗ್ ಫೀ (ಮುನಿಸಿಪಾಲಿಟಿಯ ಶುಲ್ಕ) ತಿಂಗಳ ಕಂತಾಗಿ ಸೇರಿರುತ್ತದೆ. ಜುಲೈನಲ್ಲಿ ಎಸಿ ಬಿಲ್ಲೂ ಮಂಗಳೂರು ಟಿಕೆಟ್ಟೂ ಒಟ್ಟಿಗೇ ಏರುತ್ತವೆ. ಅಜ್ಜಿ ಮನೆಗೆ ಹೋಗಲೇಬೇಕು ಅಲ್ವಾ, ಟಿಕೆಟ್ ಫೆಬ್ರವರಿಯಲ್ಲೇ ಹುಡುಕಿ.